ಮದುವೆ ಮನೆಗೆ ಒಂದು ಮೊಳ ಮಲ್ಲಿಗೆ

ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಸುಮ್ಮನಾಗುವವರು ನಮ್ಮ ಕಡೆ ಕಡಿಮೆ. ಹೊನ್ನಾವರದ ಬಸ್ ನಿಲ್ದಾಣದಲ್ಲಿ ಕುಮಟೆಯ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿ ನೋಡಿ. ಯಾರ ಮನೆಗೆ, ಎಂತ ವಿಶೇಷ, ನಿನ್ನೆಯೇ ಹೋಗಬಹುದಿತ್ತಲ್ಲ ಎಂಬುದೆಲ್ಲ ಮುಗಿದ ಮೇಲೆ, ಬಸ್ಸು ಈಗಷ್ಟೇ ಹೋಯಿತೆಂಬ ಸುದ್ದಿ ಬರುತ್ತದೆ. ನಾನೂ ಅದೇ ತಳಿ. ಹಾಗಾಗಿ ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಕಂಪ್ಯೂಟರಿನ ಭಾಷಾ ಮಾದರಿಯೂ ನಮ್ಮವನಂತೆಯೇ ಮಾತಾಡತೊಡಗಿದಾಗ ನನಗೆ ಸಿಟ್ಟು ಬರಬಾರದಿತ್ತು. ಬಂತು.

ಸಂಗತಿ ಇಷ್ಟು. ನಾನು ಹೊನ್ನಾವರದ ಮನೆಯಲ್ಲೇ ಕುಳಿತು ಕಂಪ್ಯೂಟರಿಗೆ ಕೋಡು ಬರೆದು ಬದುಕುವವನು. ಅಕ್ಕ ರತ್ನಾ ಭಟ್ಕಳದಲ್ಲಿ ಮಲ್ಲಿಗೆ ಬೆಳೆದು, ಕಟ್ಟಿ, ಮನೆಮನೆಗೆ ಕಳಿಸುವವಳು. ಅವಳ ಗಿರಾಕಿಗಳು ಫೋನಿಗೆ ಧ್ವನಿ ಸಂದೇಶ ಕಳಿಸುತ್ತಾರೆ. ಕನ್ನಡ, ಕೊಂಕಣಿ, ನವಾಯತಿ ಎಲ್ಲ ಕಲಸಿಕೊಂಡು, ಮೊಮ್ಮಗನ ಜ್ವರದಿಂದ ಶುರುವಾಗಿ ಹೂವಿನಲ್ಲಿ ಮುಗಿಯುವಂಥ ಸಂದೇಶಗಳು. ಅದರಿಂದ ಯಾರ ಮನೆ, ಯಾವ ದಿನ, ಎಷ್ಟು ಮೊಳ ಎಂಬುದನ್ನು ಮಾತ್ರ ಹೆಕ್ಕಿ ಕೊಡುವ ಪ್ರೋಗ್ರಾಂ ಮಾಡಿಕೊಡುತ್ತೇನೆಂದು ನಾನೇ ಜಂಬದಿಂದ ಮುಂದೆ ಬಂದೆ.

ಹೆಕ್ಕುವ ಕೆಲಸಕ್ಕೆ ನಾನು ಹಚ್ಚಿದ ಭಾಷಾ ಮಾದರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಬಾಯಿ ಮುಚ್ಚುವುದೊಂದು ಬರುತ್ತಿರಲಿಲ್ಲ. ನನ್ನ ಪ್ರೋಗ್ರಾಮಿಗೆ ಬೇಕಾದದ್ದು ಜೇಸನ್, ಅಂದರೆ ಖಾನೆ ಖಾನೆಯಾಗಿ ಜೋಡಿಸಿದ ಒಣ ಮಾಹಿತಿ. ಅದು ಕೊಡುತ್ತಿದ್ದದ್ದು, "ಖಂಡಿತ! ನೀವು ಕೇಳಿದ ಮಾಹಿತಿ ಇಲ್ಲಿದೆ" ಎಂಬ ಸ್ವಾಗತ ಭಾಷಣ, ನಡುವೆ ಮಾಹಿತಿ, ಕೊನೆಗೆ ಇನ್ನೇನಾದರೂ ಸಹಾಯ ಬೇಕೇ ಎಂಬ ವಂದನಾರ್ಪಣೆ. ಆ 'ಖಂಡಿತ' ಕಂಡೊಡನೆ ನನ್ನ ಪ್ರೋಗ್ರಾಂ ಮಗುಚಿ ಬೀಳುತ್ತಿತ್ತು. ಬೇರೇನೂ ಹೇಳಬೇಡ ಮಾರಾಯ ಎಂದು ಬೇಡಿಕೊಂಡೆ. ಖಂಡಿತ, ಬೇರೇನೂ ಹೇಳುವುದಿಲ್ಲ ಎಂದು ಹೇಳಿಯೇ ಶುರುಮಾಡಿತು. ಗದರಿಸಿದೆ. ಕ್ಷಮೆ ಕೇಳಿತು, ಅದೂ ಮಾಹಿತಿಗಿಂತ ಮುಂಚೆ. ಕೊನೆಗೆ ಉತ್ತರದ ಅಚ್ಚನ್ನೇ ಮೊದಲು ಕೊಟ್ಟುಬಿಡುವ ಉಪಾಯವೊಂದಿದೆ ಎಂದು ತಿಳಿಯಿತು. ಶ್ಯಾವಿಗೆ ಒತ್ತುವ ಒರಳಿನ ಹಾಗೆ, ಹಿಟ್ಟು ಯಾವುದೇ ಇರಲಿ, ತೂತಿನ ಆಕಾರದಲ್ಲೇ ಹೊರಗೆ ಬರಬೇಕು. ಒಂದು ಖಾನೆಯೂ ಖಾಲಿ ಇರಕೂಡದೆಂದು ಕಟ್ಟಪ್ಪಣೆಯನ್ನೂ ಸೇರಿಸಿದೆ. ಮಾದರಿ ತೆಪ್ಪಗಾಯಿತು. ಹೆಂಡತಿ ಸಾವಿತ್ರಿಯನ್ನು ಕರೆದು ತೋರಿಸಿದರೆ, ಇದಕ್ಕೆ ಬಂದ ಬುದ್ಧಿ ನಿಮಗೂ ಬರಲಿ ಎಂದು ಹಾರೈಸಿ ಒಳಗೆ ಹೋದಳು.

ಆ ವಾರ ಅಕ್ಕ ನಾದಿನಿಯ ಸೀಮಂತಕ್ಕೆ ಕುಮಟೆಗೆ ಹೋಗಬೇಕಾಯಿತು. ಹೂವೆಲ್ಲ ಕಟ್ಟಿಟ್ಟು, ಒಂದು ದಿನದ ಮಟ್ಟಿಗೆ ಕೆಲಸವನ್ನು ನನಗೂ ಪ್ರೋಗ್ರಾಮಿಗೂ ಒಪ್ಪಿಸಿ ಹೋದಳು. ನಾನು ಭಟ್ಕಳದ ಅವಳ ಮನೆಯಲ್ಲಿ ಕುಳಿತು, ಪರದೆ ಹೇಳಿದ ಹಾಗೆ ಪೊಟ್ಟಣ ಮಾಡಿ ಆಟೋದಲ್ಲಿ ಕಳಿಸಿದೆ. ಸಂದೇಶಗಳನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಕೇಳುವುದಾದರೆ ಪ್ರೋಗ್ರಾಂ ಯಾಕೆ? ಅಕ್ಕನ ಹಳೆಯ ಗಿರಾಕಿ ಮೈಮುನಾ ಆಪಾನ ಮನೆ, ಶುಕ್ರವಾರ, ಒಂದು ಮೊಳ. ಕಳಿಸಿದೆ. ಕೊನೆಗೆ ಬಾಳೆಲೆ ಸುತ್ತಿದ ದೊಡ್ಡ ಗಂಟೊಂದು ಉಳಿಯಿತು. ನಾಳೆಯದಿರಬೇಕೆಂದು ಅದಕ್ಕೆ ಒದ್ದೆ ಬಟ್ಟೆ ಹೊದಿಸಿದೆ.

ಸ್ವಲ್ಪ ಹೊತ್ತಿನಲ್ಲೇ ಕುಮಟೆಯಿಂದ ಅಕ್ಕನ ಫೋನು. ಹೂವಿಗೆ ಬರ ಬಂತಾ ಎಂದು ಆಪಾ ಅವಳನ್ನು ಕೇಳಿದರಂತೆ. "ಆಪಾನ ಮಗಳ ಮದ್ವೆ ಇವತ್ತು. ಹುಡ್ಗಿ ಜಡೆ ಹೆಣೆಸ್ಕಂಡು ಕೂತದೆ. ಒಂದು ಮೊಳ ಕಳ್ಸೀಯಲ್ಲ, ಎಂತ ಮಾಡಿಟ್ಟೆ ತಮ್ಮ?" ಎಂದಳು. ಆ ದೊಡ್ಡ ಗಂಟು ಅವರದೇ ಆಗಿತ್ತು. ಪ್ರೋಗ್ರಾಂ ಹೇಳುತ್ತದೆಂದು ನಂಬಿ ಅಕ್ಕ ನನಗೆ ಬೇರೆ ಹೇಳಿರಲಿಲ್ಲ.

ಆಗ ಸಂದೇಶ ತೆರೆದು ಕೇಳಿದೆ. ಆಪಾ ಮದುವೆಯ ಸುದ್ದಿಯನ್ನು ಸಂಭ್ರಮದಿಂದ ಹೇಳಿದ್ದರು. ನನ್ನ ಪ್ರೋಗ್ರಾಮಿನಲ್ಲಿ ಸಂಭ್ರಮಕ್ಕೆ ಖಾನೆಯೇ ಇರಲಿಲ್ಲ. ಎಷ್ಟು ಹೂವು ಎಂದು ಮಾತ್ರ ಅವರು ಹೇಳಿರಲಿಲ್ಲ. ಅಕ್ಕನಿಗೂ ಅವರಿಗೂ ನಡುವೆ ಆ ರೂಢಿಯೇ ಇಲ್ಲ. ಮದುವೆಯ ಹೂವಿಗೆ ಅಳತೆ ಹೇಳಿದರೆ ಪರಕೀಯರ ಹಾಗಾಯಿತು, ನೀನೇ ನೋಡಿ ಕಳಿಸು ಎಂದರೆ ಮುಗಿಯಿತು. ಪಾಪ, ಮಾದರಿಗೆ ಇದು ಹೇಗೆ ಗೊತ್ತಾಗಬೇಕು? ಗೊತ್ತಿಲ್ಲ ಎನ್ನಲು ನಾನು ಜಾಗವನ್ನೂ ಬಿಟ್ಟಿರಲಿಲ್ಲ. 'ಒಂದು' ಎಂದು ತುಂಬಿ ತನ್ನ ಮರ್ಯಾದೆ ಉಳಿಸಿಕೊಂಡಿತ್ತು.

ಗಂಟನ್ನು ಸ್ಕೂಟರಿಗೆ ಕಟ್ಟಿ ಓಡಿಸಿದೆ. ಅಕ್ಕ ಇಷ್ಟು ವರ್ಷ ಜೋಪಾನ ಮಾಡಿದ ನಂಟು ನನ್ನ ಬೆನ್ನ ಹಿಂದೆಯೇ ಬಾಡುತ್ತಿದೆ ಅನಿಸುತ್ತಿತ್ತು. ಬಾಗಿಲಲ್ಲೇ ಆಪಾ ನಿಂತಿದ್ದರು. ನಾನು ಕ್ಷಮಾಪಣೆಯ ಪೀಠಿಕೆ ತೆಗೆಯುವ ಮೊದಲೇ ಗಂಟು ಒಳಗೆ ಹೋಯಿತು. ಒಳಗಿನಿಂದ ಹೆಂಗಸರ ನಗು ಕೇಳಿದ ಮೇಲೆಯೇ ನನಗೆ ಹೋದ ಜೀವ ಬಂದದ್ದು. ಆಪಾ ಒಂದು ಬಿರುಸು ಮಾತನ್ನೂ ಆಡಲಿಲ್ಲ. ಕೂರಿಸಿ ಬಿರಿಯಾನಿ ಬಡಿಸಿದರು, ಸಾಕೆಂದರೂ ಮತ್ತೆ ಬಡಿಸಿದರು. ಏಳುವಾಗ, ಬೆಳಿಗ್ಗೆ ನಾನು ಕಳಿಸಿದ ಪೊಟ್ಟಣವನ್ನೇ ನನ್ನ ಕೈಗಿಟ್ಟು, "ಇದು ನಿನ್ನ ಹೆಂಡ್ತಿಗೆ ತಮ್ಮ. ಗೊತ್ತಿಲ್ದಿದ್ರೆ ಒಂದು ಮಾತು ಕೇಳ್ಬೇಕು, ಅಷ್ಟೇಯ" ಎಂದರು. ಮದುವೆ ಮನೆಯ ಅಷ್ಟು ಗಡಿಬಿಡಿಯಲ್ಲಿ ನನ್ನನ್ನು ಹೀಗೆ ಹಗುರ ಮಾಡಿ ಕಳಿಸಿದ ಅವರ ಉಪಕಾರವನ್ನು ನಾನು ಮರೆಯಲಾರೆ.

ಹೊನ್ನಾವರಕ್ಕೆ ಬಂದವನೇ ಪ್ರೋಗ್ರಾಂ ತಿದ್ದಿದೆ. ಗೊತ್ತಿಲ್ಲದ ಖಾನೆಯನ್ನು ಖಾಲಿ ಬಿಡಬಹುದು, ಖಾಲಿ ಕಂಡರೆ ಅಕ್ಕನನ್ನು ಕೇಳಬೇಕು. ಆಪಾನ ಅದೇ ಸಂದೇಶವನ್ನು ಮತ್ತೆ ಕೊಟ್ಟು ನೋಡಿದೆ. ಎಷ್ಟು ಮೊಳ ಎಂಬಲ್ಲಿ ಮಾದರಿ ಏನನ್ನೂ ತುಂಬಲಿಲ್ಲ. ಆ ಖಾಲಿ ಜಾಗ ಕಂಡು ನನಗೆ ಕಣ್ಣು ತುಂಬಿ ಬಂತು. ಸುಳ್ಳು ಹೇಳಿಸುತ್ತಿದ್ದವನು ನಾನೇ, ಬಿಟ್ಟರೆ ಅದು ಪ್ರಾಮಾಣಿಕವೇ.

ಅಷ್ಟರಲ್ಲಿ ಸಾವಿತ್ರಿ ಆ ಒಂದು ಮೊಳ ಮುಡಿದುಕೊಂಡು ಬಂದು ಎದುರು ನಿಂತಳು. "ನಿಮಗೇ ನೆನಪಾಗಿ ತಂದದ್ದಾ? ಕಥೆ ಬೇಡ. ಹೌದು, ಇಲ್ಲ, ಎರಡ್ರಲ್ಲಿ ಒಂದು ಹೇಳಿ."

ಖಾಲಿ ಬಿಡುವ ಅವಕಾಶ ಇರಲಿಲ್ಲ. 'ಹೌದು' ಎಂದು ತುಂಬಿದೆ.