ನಮ್ಮ ಜಾಝ್ ಆಲ್ಬಮ್ಮಿಗೆ ಆದ ಮರ್ಯಾದೆ

ಜಾಝ್ ಬಾರಿಸುವವನು ಅವಮಾನ ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಮನೆ ವಿಳಾಸ ಕೇಳಿಕೊಂಡು ಬರುತ್ತದೆ. ನಾನು ಹುಬ್ಬಳ್ಳಿಯವನು. ರೈಲ್ವೆ ನೌಕರಿಯಲ್ಲಿ ಅಹಮದಾಬಾದಿಗೆ ವರ್ಗವಾಗಿ ಬಂದು, ನಿವೃತ್ತಿಯಾದ ಮೇಲೂ ಮಣಿನಗರದಲ್ಲೇ ಉಳಿದೆ. ಮೂವತ್ತೈದು ವರ್ಷಗಳಿಂದ ನಾಲ್ಕು ಜನರ ಬ್ಯಾಂಡೊಂದರಲ್ಲಿ ಕ್ಲಾರಿನೆಟ್ ಊದುತ್ತಿದ್ದೇನೆ. ಟ್ರಂಪೆಟ್ ಊದುವವರು ಎಂಬತ್ತೊಂದು ವಯಸ್ಸಿನ ನಿವೃತ್ತ ಮೇಷ್ಟ್ರು. ಪಿಯಾನೋದವರು ವಡೋದರಾದವರು, ಡ್ರಮ್ಮಿನವರು ಸೂರತ್ತಿನ ಸೀರೆ ವ್ಯಾಪಾರಿ. ನಮ್ಮೊಳಗೆ ಎಪ್ಪತ್ತು ದಾಟದವನು ನಾನೊಬ್ಬನೇ. ಈಗಲಾದರೂ ಒಂದು ಆಲ್ಬಮ್ ಮಾಡದಿದ್ದರೆ ಇನ್ಯಾವಾಗ ಎಂದುಕೊಂಡು ಮಾಡಿದೆವು. ಜಾಝ್‌ನವರೆಲ್ಲ ಬಾರಿಸುವ ಹಳೆಯ ಹಾಡು ಐದು, ನಮ್ಮದೇ ರಚನೆ ನಾಲ್ಕು.

ಜಾರಿದ ಸ್ವರ

ರೆಕಾರ್ಡಿಂಗ್ ನವರಂಗಪುರದ ಒಂದು ಸ್ಟುಡಿಯೋದಲ್ಲಿ. ಮೊದಲ ಹಾಡಿನ ಆರಂಭದಲ್ಲಿ ನನ್ನ ಕ್ಲಾರಿನೆಟ್ ಕೆಳಗಿನ ಸ್ವರದಿಂದ ಮೇಲಕ್ಕೆ ಒಂದೇ ಉಸಿರಿನಲ್ಲಿ ಜಾರಿಕೊಂಡು ಹೋಗುತ್ತದೆ. ಅದು ಕೈಗೆ ಹತ್ತಲು ನನಗೆ ಎರಡು ವರ್ಷ ಹಿಡಿದಿತ್ತು. ವಾರದ ನಂತರ ಕೇಳಲು ಹೋದರೆ ಜಾರುವುದೂ ಇಲ್ಲ, ಏರುವುದೂ ಇಲ್ಲ. ಆಫೀಸಿನ ಬೆಲ್ಲಿನ ಹಾಗೆ ಒಂದೇ ಸ್ವರ.

"ಅಂಕಲ್, ಅಲ್ಲಿ ನಿಮ್ಮ ಸ್ವರ ತಪ್ಪಿತ್ತು. ಕಂಪ್ಯೂಟರಿನಲ್ಲಿ ಸರಿ ಮಾಡಿದೆ. ನಾಲ್ವರ ತಾಳವನ್ನೂ ಸರಿ ಮಾಡಿದ್ದೇನೆ," ಎಂದಳು ಅಲ್ಲಿನ ಎಂಜಿನಿಯರ್.

ನನಗೆ ಮೈಯೆಲ್ಲ ಉರಿಯಿತು. "ಅದು ತಪ್ಪಲ್ಲಮ್ಮ, ಅದೇ ಜಾಝ್. ಇದ್ದ ಹಾಗೆ ವಾಪಸ್ ಮಾಡು," ಎಂದೆ. ನನ್ನ ಪರ ಮಾತಾಡಲೆಂದು ಡ್ರಮ್ಮಿನವರ ಕಡೆ ತಿರುಗಿದೆ. ಅವರು ಹೆಡ್‌ಫೋನ್ ತೆಗೆಯದೆ, ಕಣ್ಣು ಮುಚ್ಚಿಕೊಂಡು ಹೇಳಿದರು: "ಸ್ವಲ್ಪ ತಡೆಯಿರಿ. ಮೂವತ್ತೈದು ವರ್ಷದಲ್ಲಿ ನಾವು ನಾಲ್ವರೂ ಒಟ್ಟಿಗೆ ಮುಗಿಸಿದ್ದು ಇದೇ ಮೊದಲು."

ಹಡಗು

ಬಿಡುಗಡೆಯನ್ನು ವಡೋದರಾದ ಫತೇಗಂಜ್‌ನ ಒಂದು ಕೆಫೆಯಲ್ಲಿ ಇಟ್ಟುಕೊಂಡೆವು. ಪೋಸ್ಟರ್ ಮಾಡುವವನಿಗೆ ಪಿಯಾನೋದವರು ಫೋನಿನಲ್ಲಿ ವಿವರ ಹೇಳಿದ್ದರು. ಅವನಿಗೆ 'ಜಾಝ್' ಅಂದದ್ದು 'ಜಹಾಜ್' ಅಂತ ಕೇಳಿಸಿತು. ಆ ಕಡೆಯ ಕಾಲೇಜು ಹಾಸ್ಟೆಲ್‌ಗಳ ಗೋಡೆ ಮೇಲೆಲ್ಲ ದೊಡ್ಡದೊಂದು ಹಡಗು, ಅದರ ಕೆಳಗೆ ನಮ್ಮ ನಾಲ್ವರ ಮುಖ.

ಸಂಜೆ ಎಲ್ಲರಿಗಿಂತ ಮೊದಲು ಬಂದವರು ಒಬ್ಬ ತಂದೆ ಮತ್ತು ಮಗಳು, ಕೈಯಲ್ಲಿ ಮಾರ್ಕ್ಸ್ ಕಾರ್ಡುಗಳ ಫೈಲು.

"ಹಡಗಿನ ಕೆಲಸಕ್ಕೆ ಹುಡುಗಿಯರನ್ನೂ ತಗೊಳ್ತೀರಾ?" ಎಂದು ತಂದೆ ಕೇಳಿದರು.

"ಹಡಗಿಲ್ಲ ಸ್ವಾಮಿ. ನಾವು ಸಂಗೀತದವರು," ಎಂದರು ಪಿಯಾನೋದವರು, ಹಲ್ಲು ಕಚ್ಚಿಕೊಂಡು.

"ಅಂದರೆ ಕೆಲಸ ಇಲ್ಲ?"

"ಇಲ್ಲ."

ಆತ ಪೋಸ್ಟರ್ ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಮಗಳಿಗೆ ಮೆಲ್ಲಗೆ ಹೇಳಿದರು: "ನೋಡಿದೆಯಾ? ಓದದಿದ್ದರೆ ಈ ವಯಸ್ಸಿನಲ್ಲೂ ಹೀಗೆ ತಿರುಗಬೇಕಾಗುತ್ತೆ."

ಜೋಗುಳ

ಆಲ್ಬಮ್ಮಿನಲ್ಲಿ ಅತ್ಯಂತ ವೇಗದ ಹಾಡು ನನ್ನದು. ಅದನ್ನು ಊದಿ ಮುಗಿಸಿದರೆ ನಾನು ಹತ್ತು ನಿಮಿಷ ಕೂರಬೇಕು. ಒಂದು ದಿನ ಎದುರು ಮನೆಯ ಸೊಸೆ ಬಂದು, "ಅಂಕಲ್, ನಿಮ್ಮ ಹಾಡಿನಿಂದ ನಾವು ಬದುಕಿದೆವು," ಎಂದಳು. ನಾನು ಉಬ್ಬಿಹೋದೆ. "ಮಗು ಅತ್ತಾಗ ಹಾಕಿದರೆ ಎರಡೇ ನಿಮಿಷ, ನಿದ್ದೆ," ಎಂದಳು.

ನಾನು ಸಿಟ್ಟಿನಲ್ಲಿ ಒಳಗೆ ಬಂದೆ. ನನ್ನ ಹೆಂಡತಿ ಅನ್ನಕ್ಕೆ ಇಡುತ್ತಿದ್ದಳು. "ಅದಕ್ಯಾಕ ಸಿಟ್ಟಾಗ್ತೀರಿ? ನಾ ಎಷ್ಟ್ ವರ್ಷ ಆತು ಹಂಗ ಮಲಗಾಕತ್ತೀನಿ," ಎಂದಳು.

ಸೂರತ್ತಿನ ಅಭಿಮಾನಿ

ಸೂರತ್ತಿನಲ್ಲಿ ನಮಗೆ ಇದ್ದವನು ಒಬ್ಬನೇ ಅಭಿಮಾನಿ. ಎಲ್ಲಿ ಬಾರಿಸಿದರೂ ಮೊದಲ ಸಾಲಿನಲ್ಲಿ ಕೂರುತ್ತಿದ್ದ. ಆಲ್ಬಮ್ ಕೇಳುವ ಮೊದಲೇ ತೀರಿಕೊಂಡ. ತನ್ನ ಬೇಸಣಾಕ್ಕೆ ಭಜನೆ ಬೇಡ, ಈ ನಾಲ್ವರೇ ಬಾರಿಸಬೇಕು ಎಂದು ಹೆಂಡತಿಗೆ ಹೇಳಿಹೋಗಿದ್ದನಂತೆ. ಬೇಸಣಾ ಎಂದರೆ ಇಲ್ಲಿಯ ಸಂತಾಪ ಸಭೆ. ಎಲ್ಲರೂ ಬಿಳಿ ಬಟ್ಟೆಯಲ್ಲಿ ಬಂದು ಫೋಟೋದ ಮುಂದೆ ಸುಮ್ಮನೆ ಕೂತು ಹೋಗುತ್ತಾರೆ.

ಆಲ್ಬಮ್ಮಿನಲ್ಲಿದ್ದ, ಟ್ರಂಪೆಟ್ ಮೇಷ್ಟ್ರು ರಚಿಸಿದ ಹಾಡನ್ನು ಎತ್ತಿಕೊಂಡೆವು. ಅದರ ಮೊದಲರ್ಧ ಹೋದವರಿಗಾಗಿ, ನಿಧಾನ. ಉಳಿದರ್ಧ ಇರುವವರಿಗಾಗಿ, ಜೋರು. ನಿಧಾನದ ಭಾಗದಲ್ಲಿ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ಜೋರಿನ ಭಾಗ ಶುರುವಾದದ್ದೇ ತಡ, ಹಿಂದೆ ಯಾರೋ ಚಪ್ಪಾಳೆ ಹಾಕಿದರು. ನೋಡನೋಡುತ್ತಿದ್ದಂತೆ ಬಿಳಿ ಸೀರೆಯ ಹೆಂಗಸರೆಲ್ಲ ಎದ್ದು ಫೋಟೋದ ಸುತ್ತ ಗರ್ಬಾ ಸುತ್ತತೊಡಗಿದರು. ಮುಂದೆ ಸತ್ತವನ ಹೆಂಡತಿ. ಜಾಝ್‌ನಲ್ಲಿ ಚಪ್ಪಾಳೆ ಬೀಳಬೇಕಾದದ್ದು ತಾಳದ ಎರಡನೆಯ, ನಾಲ್ಕನೆಯ ಪೆಟ್ಟಿಗೆ; ಅಲ್ಲಿ ಒಂದೇ ಒಂದೂ ಬೀಳಲಿಲ್ಲ. ನನಗೆ ಹಲ್ಲು ಕಡಿಯುವಷ್ಟು ಸಿಟ್ಟು, ಆದರೆ ಊದುವಾಗ ಹಲ್ಲು ಕಡಿಯಲಾಗುವುದಿಲ್ಲ.

ಮುಗಿದ ಮೇಲೆ ಆಕೆ ಏದುಸಿರು ಬಿಡುತ್ತ ಹತ್ತಿರ ಬಂದು ಕೈ ಮುಗಿದರು. "ಅವರು ಯಾಕೆ ನಿಮ್ಮ ಹಿಂದೆ ತಿರುಗುತ್ತಿದ್ದರು ಅಂತ ಇವತ್ತು ಗೊತ್ತಾಯಿತು. ನನ್ನ ಬೇಸಣಾಕ್ಕೂ ಇದೇ ಹಾಡು ಬೇಕು."

ನನ್ನ ಸಿಟ್ಟು ಅಷ್ಟಕ್ಕೇ ಇಳಿದುಹೋಯಿತು. ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು, "ಖಂಡಿತ ಬರುತ್ತೇವೆ ಬೆಹನ್," ಎಂದರು.

ಆಕೆ ಮೇಷ್ಟ್ರನ್ನು ನೋಡಿದರು. ಆಮೇಲೆ ಒಬ್ಬೊಬ್ಬರನ್ನಾಗಿ ನಮ್ಮೆಲ್ಲರನ್ನೂ ತಲೆಯಿಂದ ಕಾಲಿನವರೆಗೆ ನೋಡಿದರು.

"ಬೇಡ," ಎಂದರು. "ಆಲ್ಬಮ್ಮೇ ಒಂದು ಕೊಟ್ಟುಹೋಗಿ."