ತಾನೇ ಬೀಳುವ ಬೀಗ

ಬೆಕ್ಕಿಗೆ ಬಿಸಿಲು ಕಾಯಲು ಲೋಕದಲ್ಲಿ ಜಾಗಕ್ಕೇನೂ ಬರವಿರಲಿಲ್ಲ. ಆದರೂ ಆ ಬೆಳಿಗ್ಗೆ ಒಂಬತ್ತೂವರೆಗೆ ಅದು ಭದ್ರಪ್ಪನವರ ಕಾರಿನ ಮೂತಿಯ ಮೇಲೆಯೇ ಹಾರಿ ಕೂತಿತು. ಕಾರು ಬಾಲ ತುಳಿಸಿಕೊಂಡ ನಾಯಿಯಂತೆ ಊಳಿಡತೊಡಗಿತು.

ಭದ್ರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಕಡತಗಳಿಗೆ ಬೀಗ ಹಾಕಿ ಹಾಕಿ, ತೆರೆದ ಬಾಗಿಲು ಕಂಡರೆ ಅವರಿಗೆ ತೆರೆದ ಗಾಯ ಕಂಡಂತಾಗುತ್ತಿತ್ತು. ಎರಡು ತಿಂಗಳ ಹಿಂದೆ ಪಕ್ಕದ ಬೀದಿಯಲ್ಲಿ ಕಾರೊಂದು ಕಳುವಾದದ್ದೇ ನೆಪ, ತಮ್ಮ ಕಾರಿಗೆ ಕೂಗುವ ಯಂತ್ರ ಹಾಕಿಸಿದರು. ಸಾಲದ್ದಕ್ಕೆ ಮುಂದೆ ನಿಂತು, ಒಂದೇ ಸಾಲಿನ ನಾಲ್ಕು ಮನೆಗಳಿಗೂ ಹೊಸ ಬೀಗ ಹಾಕಿಸಿದರು. ಬಾಗಿಲು ಮುಚ್ಚಿಕೊಂಡರೆ ಸಾಕು, ಬೀಗ ತಾನೇ ಬೀಳುತ್ತದೆ. ಬೀಗ ಬಿದ್ದ ಮೇಲೆ ಹೊರಗಿನಿಂದ ತಳ್ಳಿದರೆ ಒಳಗೆ ಇನ್ನೊಂದು ಅಗುಳಿ ಬೀಳುತ್ತದೆ. ಬಾಗಿಲು ಬಡಿದು ಒಡೆಯುವವನಿಗೆ ಅದು ಉತ್ತರ.

ಒಳಗೆ ಬೀಗದಕೈ ಮರೆತು ಹೊರಗೆ ಬಂದರೆ? ಅದಕ್ಕೂ ಅವರಲ್ಲಿ ಏರ್ಪಾಟಿತ್ತು. ಅವರ ಮನೆಯ ಎರಡನೆಯ ಬೀಗದಕೈ ನರ್ಸಮ್ಮನ ಮನೆಯಲ್ಲಿ, ನರ್ಸಮ್ಮನದು ದರ್ಜಿಯ ಮನೆಯಲ್ಲಿ, ದರ್ಜಿಯದು ಮೇಷ್ಟ್ರ ಮನೆಯಲ್ಲಿ, ಮೇಷ್ಟ್ರದು ಭದ್ರಪ್ಪನವರ ಮನೆಯಲ್ಲಿ. ಇಬ್ಬಿಬ್ಬರೇ ಬದಲಾಯಿಸಿಕೊಂಡರೆ ಜಗಳವಾದ ದಿನ ಇಬ್ಬರೂ ಬೀದಿಪಾಲು ಎಂಬುದು ಅವರ ದೂರದೃಷ್ಟಿ.

ಅಂದು ಅವರ ಮಗಳನ್ನೂ ಮೂರು ದಿನದ ಮೊಮ್ಮಗಳನ್ನೂ ಆಸ್ಪತ್ರೆಯಿಂದ ಕಳಿಸುವ ದಿನ. ಅಳಿಯ ಕೆಲಸದ ಮೇಲೆ ದೂರದಲ್ಲಿದ್ದ. ಆಸ್ಪತ್ರೆಯಲ್ಲಿ ಮಗಳ ಜೊತೆಗಿದ್ದ ಭದ್ರಪ್ಪನವರ ಹೆಂಡತಿ ಹಿಂದಿನ ಸಂಜೆಯೇ ಹೇಳಿದ್ದರು: "ಹತ್ತೂವರೆಗೆ ಕಾರು ತಗೊಂಡು ಬಾಗಿಲಲ್ಲಿರಿ. ಬಾಣಂತಿನ ಕಾಯಿಸಬೇಡಿ."

ಭದ್ರಪ್ಪ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದರು. ಕಾರು ಕೂಗಿದ್ದೇ ತಡ, ಬನಿಯನ್ನಿನಲ್ಲೇ ಹೊರಗೆ ಓಡಿದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ನರ್ಸಮ್ಮ ಕಣ್ಣುಜ್ಜುತ್ತ, ದರ್ಜಿ ಕೊರಳಿಗೆ ಟೇಪು ನೇತುಹಾಕಿಕೊಂಡು, ಮೇಷ್ಟ್ರು ಅರ್ಧ ಓದಿದ ಪತ್ರಿಕೆ ಹಿಡಿದು ಓಡಿಬಂದರು. ಬೆಕ್ಕು ಎಲ್ಲರನ್ನೂ ಒಮ್ಮೆ ನೋಡಿ, ಮೈಮುರಿದು ಹೊರಟುಹೋಯಿತು. ಆಗಲೇ ಗಾಳಿ ಬೀಸಿತು. ಒಳಗೆ ಯಾರೂ ಇಲ್ಲದ ನಾಲ್ಕು ಮನೆಗಳ ಬಾಗಿಲುಗಳೂ, ಕವಾಯತಿನ ಪೊಲೀಸರಂತೆ, ಒಂದರ ಹಿಂದೊಂದು ಮುಚ್ಚಿಕೊಂಡವು.

"ಚಿಂತೆ ಬೇಡ," ಎಂದರು ಭದ್ರಪ್ಪ. "ಇಂಥ ಹೊತ್ತಿಗೇ ಅಲ್ವೇ ನಮ್ಮ ಏರ್ಪಾಟು. ನರ್ಸಮ್ಮ, ನನ್ನ ಕೀ ಕೊಡಮ್ಮ."

"ಅದು ಒಳಗಿದೆ ಅಣ್ಣ. ನನ್ನ ಕೀ ಇವರ ಹತ್ರ ಇದೆ."

"ಅದು ನನ್ನ ಮನೆಯೊಳಗಿದೆ," ಎಂದ ದರ್ಜಿ. "ಮೇಷ್ಟ್ರೇ, ನನ್ನದು ಕೊಟ್ಬಿಡಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಕೊಡ್ತೀನಪ್ಪ. ಮೊದಲು ಭದ್ರಪ್ಪ ನನ್ನದು ಕೊಡಲಿ."

ಎಲ್ಲರೂ ಭದ್ರಪ್ಪನವರ ಕಡೆ ತಿರುಗಿದರು. ಕೆನ್ನೆಯ ನೊರೆ ಒಣಗುತ್ತಿತ್ತು.

"ಹಾವು ತನ್ನ ಬಾಲ ತಾನೇ ನುಂಗಿದ ಹಾಗಾಯ್ತಲ್ರೀ," ಎಂದರು ಮೇಷ್ಟ್ರು.

"ಒಂದು ಸಲ ಭುಜ ಕೊಟ್ಟು ನೋಡ್ಲಾ?" ಎಂದು ದರ್ಜಿ ಭದ್ರಪ್ಪನವರ ಬಾಗಿಲ ಕಡೆ ನಡೆದ.

"ಮುಟ್ಟೀಯ ಮಾರಾಯ. ಇನ್ನೊಂದು ಅಗುಳಿ ಬಿದ್ರೆ ಗೋಡೆ ಒಡೀಬೇಕಾಗುತ್ತೆ." ಭದ್ರಪ್ಪ ಬಾಗಿಲಿಗೆ ಅಡ್ಡ ನಿಂತರು. ಕಾರಿನ ಬೀಗದಕೈ, ಫೋನು, ಅಂಗಿ ಎಲ್ಲ ಒಳಗೆ. ಆಸ್ಪತ್ರೆಯ ಜಗಲಿಯಲ್ಲಿ ಕೂಸನ್ನು ಎತ್ತಿಕೊಂಡು ದಾರಿ ನೋಡುತ್ತಿರುವ ಮಗಳು ಕಣ್ಮುಂದೆ ಬಂದಳು.

ದರ್ಜಿ ಓಡಿಹೋಗಿ ತಿರುವಿನ ಅಂಗಡಿಯಿಂದ ಬೀಗ ರಿಪೇರಿಯವನನ್ನು ಕರೆತಂದ. ಅವನು ಚೀಲ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಮನೆ ನಿಮ್ಮದು ಅನ್ನೋಕೆ ಗುರುತಿನ ಚೀಟಿ?"

"ಒಳಗಿದೆ."

"ಮತ್ತೆ ನಿಮ್ಮನ್ನ ಬಲ್ಲವರು?"

"ನಾವೆಲ್ಲ ಇದ್ದೀವಲ್ಲಪ್ಪ," ಎಂದರು ಮೇಷ್ಟ್ರು.

"ನಿಮ್ಮ ಚೀಟಿಗಳು?"

"ಒಳಗಿವೆ."

ಅವನು ಒಬ್ಬೊಬ್ಬರನ್ನೇ ನೋಡಿದ. "ನಾಲ್ಕು ಮನೆಗೂ ಬೀಗ, ನಾಲ್ಕು ಜನ ಹೊರಗೆ, ಒಬ್ಬರಿಗೊಬ್ಬರು ಸಾಕ್ಷಿ. ನಮ್ಮ ಕಸುಬಲ್ಲಿ ಇದಕ್ಕೆ ಗ್ಯಾಂಗ್ ಅಂತೀವಿ. ಹೋದ ತಿಂಗಳು ಒಬ್ಬರು ಹಿರಿಯರು ಅಂಗಡಿಗೆ ಬಂದು, ಚೀಟಿ ನೋಡದೆ ಯಾರ ಬೀಗಾನೂ ಮುಟ್ಟಬೇಡ ಅಂತ ಒಂದು ಗಂಟೆ ಬುದ್ಧಿ ಹೇಳಿ, ಬೋರ್ಡ್ ಬರೆಸಿ ಹೋದ್ರು."

"ಆ ಹಿರಿಯ ನಾನೇ ಕಣಯ್ಯ."

"ಅವರಿಗೆ ಎರಡೂ ಕೆನ್ನೆ ಒಂದೇ ಥರ ಇತ್ತು," ಎಂದು ಅವನು ಜಗಲಿಯ ಮೇಲೆ ಕೂತುಬಿಟ್ಟ. ಹೋಗಲೂ ಇಲ್ಲ. ಇಂಥವರನ್ನು ಬಿಟ್ಟು ಹೋಗುವುದು ಕ್ಷೇಮವಲ್ಲ ಎಂದು ಅವನಿಗೆ ತೋರಿತ್ತು.

ದರ್ಜಿ ಸುಸ್ತಾಗಿ ಕಾರಿಗೆ ಒರಗಿದ. ಕಾರು ಮತ್ತೆ ಊಳಿಟ್ಟಿತು. ಹತ್ತೂವರೆ ಆಯಿತು, ಹನ್ನೊಂದಾಯಿತು. ಭದ್ರಪ್ಪ ಮೆಟ್ಟಿಲ ಮೇಲೆ ಕುಸಿದು ಕಣ್ಣು ಮುಚ್ಚಿದರು. 'ತಂದೆ, ನನ್ನ ಬೀಗ ಹಾಗಿರಲಿ. ಆ ಕೂಸನ್ನ ನೀನು ಕಾಯಿ,' ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಎರಡು ತಿಂಗಳಲ್ಲಿ ಅವರು ಕಾವಲಿನ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದು ಅದೇ ಮೊದಲು.

ಕಣ್ಣು ತೆರೆದಾಗ ಎದುರಿಗೆ ಆಟೋ ನಿಂತಿತ್ತು. ಹೆಂಡತಿ ಇಳಿದರು, ಮಗಳು ಇಳಿದಳು. ಹೆಂಡತಿಯ ತೋಳಿನಲ್ಲಿ ಬಿಳಿ ಬಟ್ಟೆಯ ಗಂಟಿನೊಳಗಿಂದ ಒಂದು ಪುಟ್ಟ ಮೂಗು ಕಾಣುತ್ತಿತ್ತು. ಭದ್ರಪ್ಪನವರ ಎದೆಯ ಬಂಡೆ ಇಳಿಯಿತು. ಬೈದರೆ ಬೈಯಲಿ, ಎಲ್ಲರೂ ಕ್ಷೇಮವಾಗಿ ಬಂದರಲ್ಲ.

"ಅಪ್ಪ, ಇದೇನು ವೇಷ?" ಎಂದಳು ಮಗಳು.

"ಕಾದು ಕಾದು ಸಾಕಾಗಿ ನಾವೇ ಬಂದ್ವಿ," ಎಂದರು ಹೆಂಡತಿ. "ಊರೆಲ್ಲ ಬಾಗಿಲಲ್ಲಿ ನಿಂತು ಏನು ಮಾಡ್ತಿದ್ದೀರಿ? ದಾರಿ ಬಿಡಿ, ಮಗುಗೆ ಬಿಸಿಲು."

"ನಿನ್ನ ಹತ್ರ ಕೀ ಇದೆಯೇನೇ?"

"ಕೀ ಯಾಕೆ?" ಎಂದು ಆಕೆ ಮೊಣಕೈಯಿಂದ ಬಾಗಿಲು ತಳ್ಳಿದರು.

"ತಳ್ಳಬೇಡ, ಅಗುಳಿ—"

ಬಾಗಿಲು ಸಾಧು ಹಸುವಿನಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಬೀಗ ರಿಪೇರಿಯವನು ಎದ್ದು ಬಂದು ಬೀಗದ ನಾಲಿಗೆ ಕೂರಬೇಕಾದ ಚೌಕಟ್ಟಿನ ತೂತಿಗೆ ಬೆರಳು ಹಾಕಿ, ಮಡಿಸಿ ತುರುಕಿದ್ದ ದಪ್ಪ ಕಾಗದವೊಂದನ್ನು ಎಳೆದು ಬಿಡಿಸಿದ. ಅದು ಅದೇ ಬೀಗದ ಗ್ಯಾರಂಟಿ ಕಾರ್ಡು.

"ಹೂ ಕೀಳೋಕೆ ಹೋದಾಗೆಲ್ಲ ಹೊರಗೆ ನಿಲ್ಲೋಕಾಗುತ್ತಾ?" ಎಂದರು ಹೆಂಡತಿ. "ಬೀಗ ಹಾಕಿಸಿದ ದಿನಾನೇ ಇಟ್ಟೆ."

"ಅಂದ್ರೆ ಎರಡು ತಿಂಗಳಿಂದ ನಮ್ಮ ಮನೆ ಬಾಗಿಲು ತೆರೆದೇ ಇತ್ತಾ?"

"ಇತ್ತು. ಎರಡು ತಿಂಗಳಿಂದ ನೀವು ಗೊರಕೆ ಹೊಡೆದು ನಿದ್ದೆನೂ ಮಾಡಿದ್ರಿ."

ಒಳಗಿನ ಮೊಳೆಯಿಂದ ಮೇಷ್ಟ್ರ ಬೀಗದಕೈ ಬಂತು. ಅದರ ಹಿಂದೆ ದರ್ಜಿಯದು, ನರ್ಸಮ್ಮನದು. ಬಾಗಿಲುಗಳು ಸಾಲಾಗಿ ತೆರೆದುಕೊಂಡವು. ಆದರೆ ಯಾರೂ ತಮ್ಮ ಮನೆಯಲ್ಲಿ ನಿಲ್ಲದೆ ಮಗು ನೋಡುವ ನೆಪದಲ್ಲಿ ಭದ್ರಪ್ಪನವರ ಪಡಸಾಲೆಗೇ ಮರಳಿದರು. ಮೂವರ ಕೈಯಲ್ಲೂ ಅವರವರ ಗ್ಯಾರಂಟಿ ಕಾರ್ಡುಗಳಿದ್ದವು.

"ಅಕ್ಕ," ಎಂದ ದರ್ಜಿ ಮೆಲ್ಲಗೆ, "ಮಡಿಕೆ ಎರಡಾ, ನಾಲ್ಕಾ?"

"ನಾಲ್ಕು. ಎರಡಾದ್ರೆ ಗಾಳಿಗೆ ಬಿದ್ದುಹೋಗುತ್ತೆ."

ಭದ್ರಪ್ಪ ಎದ್ದು ನಿಂತು ತಡೆಯಬೇಕೆಂದಿದ್ದರು. ಆದರೆ ತೊಡೆಯ ಮೇಲಿನ ಕೂಸು ಅವರ ತೋರುಬೆರಳನ್ನು ಬಿಗಿಯಾಗಿ ಹಿಡಿದು ಆಗಷ್ಟೇ ನಿದ್ದೆಹೋಗಿತ್ತು.