ಅಳಿಯನಿಗೆ ಖಾರ ನಿಷಿದ್ಧ

ಬೆಳಗಿನ ಊಟಕ್ಕೆ ಕೂತಾಗ ಕಹರನ ಮುಂದಿನಿಂದ ಸಂಬಲ್ ಎಂಬ ಮೆಣಸಿನ ಚಟ್ನಿಯ ಬಟ್ಟಲು ಮಾಯವಾಗಿದ್ದೇ ಎಲ್ಲ ರಾದ್ಧಾಂತಕ್ಕೆ ಮೂಲ. ಖಾರದ ಜಾಗದಲ್ಲಿ ಬೆಲ್ಲದ ಪಾಕ ಸುರಿದ ಅನ್ನ ಕೂತಿತ್ತು.

“ಇವತ್ತಿಂದ ನಿಮಗೆ ಖಾರ ಇಲ್ಲ ಅಳಿಯಂದಿರೇ,” ಎಂದರು ಅತ್ತೆ ರೊಸ್ಮಾ. “ಗಂಡಸು ಖಾರ ತಿಂದ್ರೆ ಗಂಡು, ಸಿಹಿ ತಿಂದ್ರೆ ಹೆಣ್ಣು. ಮೂರು ಗಂಡು ಸಾಕು. ಮುಂದಿನದು ಹೊಟ್ಟೆಗೆ ಬರೋ ಮುಂಚೇನೇ ದಾರಿ ಸರಿ ಮಾಡ್ಬೇಕು.”

ಹೆಂಡತಿ ಯುಸ್ನಾ ತಲೆ ಎತ್ತದೆ ತನ್ನ ಪಾಲಿನ ಖಾರ ಬಳಿದು ತಿನ್ನುತ್ತಿದ್ದಳು. ಪಾಯಕುಂಬು ಊರಿನ ಆ ದೊಡ್ಡ ಮರದ ಮನೆ, ಹಿಂದಿನ ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ಒಬ್ಬಳೇ ಮಗಳಾದ ಯುಸ್ನಾಗೆ ಹೆಣ್ಣಾಗದಿದ್ದರೆ ಅದೆಲ್ಲ ದಾಯಾದಿಗಳ ಪಾಲು. ಅತ್ತೆಯ ಸಂಕಟ ಕಂಡು ಕಹರನಿಗೆ ಪಾಪ ಅನ್ನಿಸಿತು. ಆದರೂ ನಾಲಿಗೆಗೆ ತಾಗಿದ ಖಾರಕ್ಕೆ ಹುಟ್ಟಬೇಕಾದ ಮಗು ಗಂಡೋ ಹೆಣ್ಣೋ ಎಂದು ಹೇಗೆ ತಿಳಿಯುತ್ತದೆ ಎಂಬ ಕುತೂಹಲ ಮಾತ್ರ ಬಿಡಲಿಲ್ಲ.

ಸಂತೆಯಲ್ಲಿದ್ದ ತನ್ನ ಕ್ಷೌರದಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಸಂತೆ ಸೇರಿತ್ತು.

“ಬರೀ ಸಿಹಿ ಸಾಲ್ದು ಕಣೋ, ಎಡಮಗ್ಗುಲಾಗಿ ಮಲ್ಕೋ,” ಎಂದ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ತೆಂಗಿನಕಾಯಿ ವ್ಯಾಪಾರಿ.

“ಯಾರ ಎಡ? ನಂದಾ, ಅವಳದಾ?”

“ಅದನ್ನ ನಮ್ಮಪ್ಪ ಹೇಳ್ಲೇ ಇಲ್ಲ. ಅದಕ್ಕೇ ನಂಗೆ ಐದೂ ಗಂಡು.”

ಮಧ್ಯಾಹ್ನದ ಹೊತ್ತಿಗೆ ಕಹರನ ನಾಲಿಗೆ ಒದ್ದೆ ಹತ್ತಿಯಂತೆ ಸಪ್ಪಗಾಗಿತ್ತು. ಉಪಿಕಜ್ಜಿಯ ಅನ್ನದಂಗಡಿಯ ಹಿಂಬಾಗಿಲಿಗೆ ಹೋಗಿ, “ಒಂದೇ ಒಂದು ಚಮಚ ಸಂಬಲ್ ಅಜ್ಜಿ,” ಎಂದು ಅಂಗಲಾಚಿದ. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಹೆಗಲ ಮೇಲೆ ಕೈ ಬಿತ್ತು. ಅತ್ತೆಯ ಅಣ್ಣ, ಮನೆಯ ಹಿರಿಯ ದಾತುಕ್!

ಕಹರನ ಜೊತೆಗೆ, ಬಡಿಸಿದ ತಪ್ಪಿಗೆ ಅಜ್ಜಿಯನ್ನೂ ಅವರು ಮನೆಗೆ ಎಳೆತಂದರು. ಮೆಟ್ಟಿಲ ತುಂಬ ಅಕ್ಕಪಕ್ಕದವರು ನೆರೆದರು.

“ನಮ್ಮೆಜಮಾನ್ರು ವರ್ಷಗಟ್ಟಲೆ ಖಾರ ಮುಟ್ಲಿಲ್ಲ, ಅದಕ್ಕೇ ನಂಗೆ ಯುಸ್ನಾ ಹುಟ್ಟಿದ್ದು,” ಎಂದು ರೊಸ್ಮಾ ಕಣ್ಣೊರೆಸಿಕೊಂಡರು. “ನಿಮ್ಮ ಕೈಲಿ ಒಂದು ದಿನ ಆಗ್ಲಿಲ್ವಾ?”

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಮುಟ್ಲಿಲ್ವಾ? ಆ ಪುಣ್ಯಾತ್ಮ ದಿನಾ ನಮ್ಮ ಹಿಂಬಾಗಿಲಲ್ಲೇ ಕೂತು ಹಸಿಮೆಣಸಿನಕಾಯಿ ಕಡೀತಿದ್ದ!”

ಗೆದ್ದೆ ಎಂದುಕೊಂಡ ಕಹರ್. ಆದರೆ ಅತ್ತೆ ಸೋಲುವ ಪೈಕಿಯವರಲ್ಲ. ಅವರ ಮುಖ ಅರಳಿತು.

“ಅಂದ್ರೆ, ಹೆಣ್ಣಾಗೋದು ಹಸಿಮೆಣಸಿನಕಾಯಿಂದ!”

ಸಂಜೆ ಕಹರನ ಮುಂದೆ ಬುಟ್ಟಿ ತುಂಬ ಗಾಂಧಾರಿ ಮೆಣಸು ಬಂತು. ದಾತುಕ್ ಕಾವಲಿಗೆ ಕೂತರು. ನಾಲ್ಕು ಕಡಿಯುವಷ್ಟರಲ್ಲಿ ಅವನ ಕಿವಿಯಲ್ಲಿ ಹೊಗೆ, ಕಣ್ಣಲ್ಲಿ ಧಾರೆ. ಹಿತ್ತಿಲಿಗೆ ಓಡಿ ನೀರಿನ ಹಂಡೆಗೆ ತಲೆ ಹಾಕಿದ.

ಹಿಂದೆಯೇ ಎಳನೀರು ಹಿಡಿದು ಬಂದ ಯುಸ್ನಾ ನಗು ತಡೆದುಕೊಂಡು ಪಿಸುಗುಟ್ಟಿದಳು: “ನಾನು ಬಸುರಿಯಾಗಿ ಆಗ್ಲೇ ಎರಡು ತಿಂಗಳಾಯ್ತು.”

“ಅಯ್ಯೋ, ಬೆಳಿಗ್ಗೇನೇ ಹೇಳ್ಬಾರ್ದಿತ್ತಾ!”

“ಹೇಳಿದ್ರೆ ಅಮ್ಮ ನಿಮ್ಮನ್ನ ಬಿಟ್ಟು ನನ್ನ ತಟ್ಟೆಗೆ ಕೈ ಹಾಕ್ತಾರೆ. ಹೊಟ್ಟೆ ಕಾಣೋವರೆಗೂ ಸುಮ್ನೆ ತಿನ್ಕೊಳ್ಳಿ, ನನ್ನಾಣೆ!”

ಒಳಗಿನಿಂದ ಅತ್ತೆಯ ಅಕ್ಕರೆಯ ದನಿ ಬಂತು: “ಅಳಿಯಂದಿರೇ, ಇನ್ನೂ ಮುಕ್ಕಾಲು ಬುಟ್ಟಿ ಇದೆ!”